ಬಿಸಿಯಾದ ಮೇಲೆ ಗುದ್ದುತ್ತಿದ್ದ ಗೇರ್‌ಬಾಕ್ಸ್: ಇಳಿಸದೆಯೇ ದೋಷ ಹಿಡಿದ ನನ್ನ ಅನುಭವ

ನನ್ನ ಪಿಕಪ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಂದನೇ ಗೇರಿನಿಂದ ಎರಡಕ್ಕೆ ಏರುವಾಗ ಹಿಂದಿನಿಂದ ಯಾರೋ ಡಿಕ್ಕಿ ಹೊಡೆದಂತೆ ಗುದ್ದಲು ಶುರುಮಾಡಿ, ನಾನು ಅದರ ಮೂಲವನ್ನು ಕಂಡುಹಿಡಿಯುವಷ್ಟರಲ್ಲಿ ಹದಿನಾಲ್ಕು ತಿಂಗಳುಗಳೇ ಕಳೆದಿದ್ದವು. ಇದು ಕಂಪ್ಯೂಟರ್ ನಿಯಂತ್ರಣದ, ನಾಲ್ಕು ಗೇರಿನ ಹಳೆಯ ಪೆಟ್ಟಿಗೆ. ಮೀಟರ್ ಸುಮಾರು 1.8 ಲಕ್ಷ ಕಿಲೋಮೀಟರ್ ತೋರಿಸುತ್ತಿತ್ತು. ಮೂವರು ಮೆಕ್ಯಾನಿಕ್‌ಗಳಿಗೆ ತೋರಿಸಿದೆ, ಮೂವರದ್ದೂ ಒಂದೇ ಮಾತು: "ಕ್ಲಚ್ ಪ್ಲೇಟ್ ಹೋಗಿದೆ ಸಾರ್, ಇಳಿಸದೆ ಏನೂ ಹೇಳೋಕಾಗಲ್ಲ." ಇಳಿಸದೆಯೇ ಹೇಳಬಹುದು ಎಂದು ನಾನು ವಾದಿಸಿದಾಗ ಅವರಲ್ಲೊಬ್ಬರು ನಕ್ಕರು. ಆ ಪೆಟ್ಟಿಗೆ ಈಗಲೂ ಕೆಳಗಿಳಿದಿಲ್ಲ. ದುರಸ್ತಿಯ ನಂತರ ಒಂಬತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಿದೆ.

ನನಗೆ ಆ ಧೈರ್ಯ ಬಂದದ್ದು ಗುದ್ದು ಬರುತ್ತಿದ್ದ ರೀತಿಯಿಂದ. ಎಂಜಿನ್ ತಣ್ಣಗಿರುವಾಗ ಗೇರ್ ಬದಲಾದದ್ದೇ ತಿಳಿಯುತ್ತಿರಲಿಲ್ಲ. ಇಪ್ಪತ್ತು ಇಪ್ಪತ್ತೈದು ನಿಮಿಷ ಓಡಿದ ಮೇಲೆ, ಅದೂ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿದಾಗ ಮಾತ್ರ ಜರ್ಕ್ ಬರುತ್ತಿತ್ತು. ಪೂರ್ತಿ ಒತ್ತಿ ಓಡಿಸಿದರೆ ಎಲ್ಲವೂ ಸರಿಯಿರುವಂತೆ ತೋರುತ್ತಿತ್ತು. ಸವೆದ ಕ್ಲಚ್ ಸಾಮಾನ್ಯವಾಗಿ ಜಾರುತ್ತದೆ, ಗುದ್ದುವುದಿಲ್ಲ. ಎಣ್ಣೆ ಬಿಸಿಯಾಗಿ ತೆಳುವಾದಾಗ ಸವೆದ ಸೀಲುಗಳಲ್ಲಿ ಒತ್ತಡ ಸೋರಿ ಇನ್ನಷ್ಟು ಜಾರಬೇಕೇ ಹೊರತು ಪೆಟ್ಟು ಬಿಗಿಯಾಗಬಾರದು. ಜಾರುವಿಕೆಯನ್ನು ಮುಚ್ಚಲು ಕಂಪ್ಯೂಟರೇ ಒತ್ತಡ ಏರಿಸುವುದೂ ಉಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಗಾಗಿದ್ದರೆ ಭಾರ ಹೇರಿ ಏರು ಹತ್ತುವಾಗ ಆರ್‌ಪಿಎಂ ಸುಮ್ಮನೆ ಮೇಲೇಳಬೇಕಿತ್ತು. ಒಮ್ಮೆಯೂ ಏಳಲಿಲ್ಲ. ಹಗುರ ಕಾಲಿನಲ್ಲಿ ಲೈನ್ ಪ್ರೆಶರ್, ಅಂದರೆ ಕ್ಲಚ್‌ಗಳನ್ನು ಒತ್ತಿ ಹಿಡಿಯುವ ಎಣ್ಣೆಯ ಒತ್ತಡ, ಕಡಿಮೆಯಿರಬೇಕು, ಭಾರಿ ಕಾಲಿನಲ್ಲಿ ಅದು ಹೇಗೂ ಹೆಚ್ಚಿರುತ್ತದೆ. ಆದ್ದರಿಂದ ಒತ್ತಡ ಬೇಡದ ಹೊತ್ತಿನಲ್ಲಿ ಏರುತ್ತಿದ್ದರೆ ಅದರ ಪೆಟ್ಟು ಹಗುರ ಕಾಲಿನಲ್ಲಿಯೇ ಕಾಣಿಸಿಕೊಳ್ಳುವುದು ಸಹಜ.

ಇಷ್ಟು ತರ್ಕ ಹೇಳಬಲ್ಲ ನಾನೇ ಮೊದಲ ಎಂಟು ತಿಂಗಳು ಭಾಗಗಳನ್ನು ಊಹೆಯ ಮೇಲೆ ಬದಲಾಯಿಸಿ ಹಣ ಸುರಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಎಣ್ಣೆಯನ್ನು ಎರಡು ಸಲ ಬದಲಾಯಿಸಿದೆ, ಎರಡನೆಯ ಸಲ ಅತಿ ದುಬಾರಿಯದನ್ನೇ ಹಾಕಿದೆ. ಆಕ್ಸಿಲರೇಟರ್ ಎಷ್ಟು ಒತ್ತಿದೆಯೆಂದು ಕಂಪ್ಯೂಟರಿಗೆ ತಿಳಿಸುವ ಥ್ರಾಟಲ್ ಪೊಸಿಷನ್ ಸೆನ್ಸರ್ 0.6 ವೋಲ್ಟಿನಿಂದ 4.5ರವರೆಗೆ ಎಲ್ಲಿಯೂ ತಡವರಿಸದೆ ಏರುತ್ತಿದ್ದರೂ ಯಾರದೋ ಮಾತು ಕೇಳಿ ಹೊಸದನ್ನು ಹಾಕಿದೆ. ಕೊನೆಗೆ ಪೆಟ್ಟಿಗೆಯೊಳಗೆ ಎಣ್ಣೆಯನ್ನು ನಿಯಂತ್ರಿಸುವ ವಿದ್ಯುತ್ ವಾಲ್ವ್‌ಗಳಾದ ಸೊಲೆನಾಯ್ಡ್‌ಗಳ ಇಡೀ ಸೆಟ್ ತರಿಸಿದೆ. ಪೆಟ್ಟಿಗೆಯ ತಳದ ಎಣ್ಣೆ ಪ್ಯಾನನ್ನು ಹೇಗೂ ಬಿಚ್ಚಿದ್ದುದರಿಂದ, ಗೇರ್ ಬೀಳುವ ಪೆಟ್ಟನ್ನು ಮೆತ್ತಗಾಗಿಸುವ ಅಕ್ಯುಮ್ಯುಲೇಟರ್ ಪಿಸ್ಟನ್‌ಗಳನ್ನು ತೆಗೆದು ನೋಡಿದೆ. ಸ್ಪ್ರಿಂಗ್ ಮುರಿದಿರಲಿಲ್ಲ, ಬೋರಿನಲ್ಲಿ ಗೀರು ಇರಲಿಲ್ಲ, ಪ್ಯಾನಿನ ಅಯಸ್ಕಾಂತದ ಮೇಲೆ ಆ ವಯಸ್ಸಿಗೆ ತಕ್ಕ ಬೂದು ಮಸಿಯಷ್ಟೇ ಇತ್ತು. ಈ ಎಲ್ಲ ಖರ್ಚು ಸೇರಿಸಿದರೆ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ ಕಟ್ಟಿಸಲು ಕೇಳಿದ್ದ ಮೊತ್ತದ ಮೂರನೇ ಒಂದು ಭಾಗವನ್ನು ದಾಟಿತ್ತು. ಸೊಲೆನಾಯ್ಡ್ ಹಾಕಿದ ಮೇಲೆ ನಾಲ್ಕು ದಿನ ವಾಹನ ಬೆಣ್ಣೆಯಂತೆ ಓಡಿತು, ಗೆದ್ದೆನೆಂದು ಎಲ್ಲರಿಗೂ ಹೇಳಿಕೊಂಡೆ. ಐದನೆಯ ದಿನ ಸಂಜೆ ಅದೇ ಗುದ್ದು ಮರಳಿತು. ಆ ನಾಲ್ಕು ದಿನಗಳಲ್ಲಿಯೇ ಉತ್ತರ ಅಡಗಿತ್ತೆಂಬುದು ಆಗ ನನಗೆ ಹೊಳೆಯಲಿಲ್ಲ.

ಆಮೇಲೆ ಭಾಗ ತರಿಸುವುದನ್ನು ನಿಲ್ಲಿಸಿ 300 ಪಿಎಸ್‌ಐವರೆಗೆ (ಒತ್ತಡದ ಅಳತೆ) ತೋರಿಸುವ ಗೇಜ್ ಒಂದನ್ನು ಎರವಲು ತಂದೆ. ಲೈನ್ ಪ್ರೆಶರ್ ಪೋರ್ಟಿಗೆ ಉದ್ದನೆಯ ಹೋಸ್ ಜೋಡಿಸಿ ಗೇಜನ್ನು ಗಾಜಿನ ಮೂಲೆಗೆ ಟೇಪ್ ಅಂಟಿಸಿಕೊಂಡು ಓಡಿಸಿದೆ. ಹೋಸನ್ನು ಸೈಲೆನ್ಸರ್ ಪೈಪಿಗೆ ತಾಗದಂತೆ ಒಳಗೆ ತಂದ ದಾರಿ ನನ್ನ ಸ್ವಂತದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ. ತಾಗಿ ಕರಗಿದರೆ ಬಿಸಿ ಎಣ್ಣೆ ಪೈಪಿನ ಮೇಲೆ ಬೀಳುತ್ತದೆಂಬ ಎಚ್ಚರವೊಂದು ಸಾಕು. ತಣ್ಣಗಿರುವಾಗ ಡ್ರೈವ್‌ನಲ್ಲಿ ಐಡಲ್ ಒತ್ತಡ 60ರ ಆಸುಪಾಸು, ಹಗುರ ಕಾಲಿನಲ್ಲಿ 80ರ ಒಳಗೆ. ಅರ್ಧ ಗಂಟೆಯ ನಂತರ ಅದೇ ರಸ್ತೆ, ಅದೇ ವೇಗ. ಎರಡನೇ ಗೇರ್ ಬೀಳುವ ಕ್ಷಣಕ್ಕೆ ಮುಳ್ಳು ನಡುಗಿ 150 ದಾಟಿತು, ಬೆನ್ನಿಗೆ ಗುದ್ದು ಬಿತ್ತು. ಹತ್ತರಲ್ಲಿ ಎಂಟು ಸಲ ಮುಳ್ಳು ಹಾರಿತು, ಆ ಎಂಟೂ ಸಲ ಗುದ್ದು ಬಿತ್ತು. ಕ್ಲಚ್ಚಿನ ವಾದ ನನ್ನ ಮಟ್ಟಿಗೆ ಅಂದೇ ಮುಗಿಯಿತು.

ಇನ್ನು ಉಳಿದದ್ದು, ಒತ್ತಡವನ್ನು ಏರಿಸುತ್ತಿರುವುದು ಎಣ್ಣೆಯನ್ನು ಹಂಚುವ ವಾಲ್ವ್ ಬಾಡಿಯೋ, ಕಂಪ್ಯೂಟರೋ, ಇವೆರಡರ ನಡುವಿನ ತಂತಿಯೋ ಎಂಬ ಪ್ರಶ್ನೆ. ಈ ಪೆಟ್ಟಿಗೆಯಲ್ಲಿ ಲೈನ್ ಪ್ರೆಶರನ್ನು ಹತೋಟಿಯಲ್ಲಿಡುವ ಪ್ರೆಶರ್ ಕಂಟ್ರೋಲ್ ಸೊಲೆನಾಯ್ಡಿಗೆ ಕರೆಂಟ್ ಹೆಚ್ಚಿದಷ್ಟೂ ಒತ್ತಡ ಇಳಿಯುತ್ತದೆ, ಕರೆಂಟ್ ತಪ್ಪಿದರೆ ಪೂರ್ತಿ ಒತ್ತಡ ಬರುತ್ತದೆ. ತಂತಿ ತುಂಡಾದರೂ ಕ್ಲಚ್ ಸುಡದಿರಲೆಂದು ಹಾಗೆ ಮಾಡಿರುತ್ತಾರೆ. ಹಾಗಾಗಿ ಸ್ಕ್ಯಾನರಿನಲ್ಲಿ ಕಂಪ್ಯೂಟರ್ ಕೊಡುವ ಆಜ್ಞೆಯನ್ನೂ, ಸಣ್ಣ ಕ್ಲ್ಯಾಂಪ್ ಮೀಟರಿನಲ್ಲಿ ತಂತಿಯಲ್ಲಿ ನಿಜವಾಗಿ ಹರಿಯುವ ಕರೆಂಟನ್ನೂ ಒಟ್ಟಿಗೆ ನೋಡಿದೆ. ಆಜ್ಞೆ ಬದಲಾಗಲೇ ಇಲ್ಲ. ಕರೆಂಟ್ ಮಾತ್ರ 0.9 ಆಂಪಿಯರಿನಿಂದ 0.4ಕ್ಕೆ ಕುಸಿದು ಮತ್ತೆ ಏರುತ್ತಿತ್ತು. ಕಂಪ್ಯೂಟರ್ ಕೇಳಿದ್ದು ಸೊಲೆನಾಯ್ಡಿಗೆ ತಲುಪುತ್ತಿರಲಿಲ್ಲ.

ಹಾಗಾದರೆ ಮೂವರು ಮೆಕ್ಯಾನಿಕ್‌ಗಳೂ ನಾನೂ ಸೇರಿ ಐದಾರು ಸಲ ಆ ಸೊಲೆನಾಯ್ಡಿನ ಓಮ್ (ವಿದ್ಯುತ್ ತಡೆ) ಅಳೆದಾಗ ಪ್ರತಿಸಲವೂ 4.5 ಎಂದು ಸರಿಯಾಗಿ ಬಂದದ್ದು ಹೇಗೆ? ಅಳೆಯುವಾಗ ಎಲ್ಲರೂ ಪೆಟ್ಟಿಗೆಯ ಕನೆಕ್ಟರನ್ನು ಕಿತ್ತು, ಪೆಟ್ಟಿಗೆಯ ಕಡೆಯ ಪಿನ್‌ಗಳಿಗೆ ಮೀಟರ್ ಹಿಡಿಯುತ್ತಿದ್ದೆವು. ದೋಷವಿದ್ದದ್ದು ಎರಡು ಪಿನ್‌ಗಳು ಕೂಡುವ ಜಾಗದಲ್ಲಿ. ಕನೆಕ್ಟರ್ ಕಿತ್ತ ಕೂಡಲೇ ಆ ಕೂಡುವಿಕೆಯೇ ಇಲ್ಲವಾಗುತ್ತಿತ್ತು. ಕಿತ್ತು ಮರಳಿ ಕೂರಿಸಿದಾಗ ಪಿನ್ ಉಜ್ಜಿ ಒಂದಿಷ್ಟು ಶುದ್ಧವಾಗುತ್ತಿತ್ತು, ಅದಕ್ಕೇ ಸೊಲೆನಾಯ್ಡ್ ಹಾಕಿದ ನಂತರ ನಾಲ್ಕು ದಿನದ ಸುಖ. ಇದು ಹೊಳೆದ ರಾತ್ರಿಯೇ ಎಂಜಿನ್ ಬಿಸಿ ಮಾಡಿ, ಗೇರನ್ನು ಪಾರ್ಕಿನಲ್ಲಿಟ್ಟು, ಚಕ್ರಗಳಿಗೆ ತಡೆ ಕೊಟ್ಟು ವಾಹನದ ಕೆಳಗೆ ಮಲಗಿ ಕೂದಲು ಒಣಗಿಸುವ ಡ್ರೈಯರಿನಿಂದ ಕನೆಕ್ಟರಿನ ಮೇಲೆ ಬಿಸಿಗಾಳಿ ಬಿಟ್ಟೆ. ಎರಡು ನಿಮಿಷ ಏನೂ ಆಗಲಿಲ್ಲ. ಮೂರನೆಯ ನಿಮಿಷಕ್ಕೆ ಪಕ್ಕದಲ್ಲಿ ತೂಗುಹಾಕಿದ್ದ ಗೇಜಿನ ಮುಳ್ಳು 60ರಿಂದ ಮೆಲ್ಲಗೆ ಕದಲಿ, ತಡೆದು, ಒಮ್ಮೆಲೇ 140ಕ್ಕೆ ನೆಗೆಯಿತು. ತಂತಿಯ ಕಟ್ಟನ್ನು ಬೆರಳಿನಿಂದ ಎಡಕ್ಕೆ ಒತ್ತಿದರೆ ಇಳಿಯುತ್ತಿತ್ತು, ಬಿಟ್ಟರೆ ಏರುತ್ತಿತ್ತು.

ಇಲ್ಲಿಯೇ ನಾನೊಂದು ಅನರ್ಥ ಮಾಡಿಕೊಂಡೆ. ಯಾವ ಪಿನ್ ಸಡಿಲವಾಗಿದೆಯೆಂದು ನೋಡಲು ಮಲ್ಟಿಮೀಟರಿನ ದಪ್ಪ ಮೊನೆಯನ್ನೇ ಒಂದೊಂದು ತೂತಿಗೂ ತೂರಿಸಿದೆ. ಮರುದಿನ ವಾಹನ ಮೂರನೇ ಗೇರಿನಲ್ಲಿಯೇ ಅಂಟಿಕೊಂಡಿತು, ಗೇರ್ ಬದಲಿಸುವ ಶಿಫ್ಟ್ ಸೊಲೆನಾಯ್ಡಿನ ದೋಷದ ಕೋಡ್ ಬಂತು, ನಕ್ಕಿದ್ದವರು ಮತ್ತೊಮ್ಮೆ ನಕ್ಕರು. ಚೆನ್ನಾಗಿದ್ದ ಇನ್ನೊಂದು ಟರ್ಮಿನಲನ್ನು (ಪಿನ್ ಹಿಡಿಯುವ ತೂತಿನ ಲೋಹದ ತುದಿ) ನಾನೇ ಅಗಲಿಸಿಬಿಟ್ಟಿದ್ದೆ, ಅದನ್ನು ತಿಳಿಯಲು ಒಂದು ವಾರ ಹಿಡಿಯಿತು. ಅಂದಿನಿಂದ ಅದೇ ಅಳತೆಯ ಬಿಡಿ ಗಂಡು ಪಿನ್ ಒಂದನ್ನು ಇಟ್ಟುಕೊಂಡಿದ್ದೇನೆ. ತೂತಿಗೆ ಹಾಕಿ ಮೆಲ್ಲಗೆ ಎಳೆದರೆ ಸರಿಯಾದದ್ದು ಹಿಡಿದುಕೊಳ್ಳುತ್ತದೆ, ಸಡಿಲವಾದದ್ದು ತಾನಾಗಿ ಜಾರಿ ಬರುತ್ತದೆ.

ಎರಡು ಹೊಸ ಟರ್ಮಿನಲ್‌ಗಳನ್ನು ಕ್ರಿಂಪ್ ಮಾಡಿ ಕೂರಿಸಿದೆ. ಅವೆರಡರ ಬೆಲೆ ನಾನು ಸುರಿದಿದ್ದ ಎಣ್ಣೆಯ ಒಂದು ಲೀಟರಿಗೂ ಕಡಿಮೆ. ಹಳೆಯ ಟರ್ಮಿನಲ್ ಮುರಿಯದಂತೆ ಹೊರತೆಗೆಯಲು ನಾನು ಮಾಡಿಕೊಂಡ ಉಪಕರಣದ ಗುಟ್ಟು ನನ್ನಲ್ಲಿಯೇ ಇರಲಿ. ಓಡಿಸಿ ನೋಡಿದರೆ ಗುದ್ದು ಮಾಯವಾಗಿತ್ತು, ಅದರ ಬದಲು ಎರಡನೇ ಗೇರಿಗೆ ಆರ್‌ಪಿಎಂ ಮುನ್ನೂರರಷ್ಟು ಮೇಲೆದ್ದು ಜಾರತೊಡಗಿತು. ಕ್ಲಚ್ ಹೋಗಿದೆ ಎಂದಿದ್ದವರಿಗೆ ಹಬ್ಬವಾಯಿತು. ನಿಜ ಸಂಗತಿಯೆಂದರೆ, ಗೇರ್ ಅತಿ ಬೇಗ ಬೀಳುತ್ತಿದೆಯೆಂದು ಕಂಪ್ಯೂಟರ್ ತಿಂಗಳುಗಟ್ಟಲೆ ತನ್ನ ಆಜ್ಞೆಯಲ್ಲಿ ಒತ್ತಡವನ್ನು ಇಳಿಸುತ್ತಾ ಬಂದಿತ್ತು. ತಂತಿ ಸರಿಯಾದ ಮೇಲೆ ಆ ಇಳಿಸಿದ ಒತ್ತಡವೇ ಪೆಟ್ಟಿಗೆಗೆ ತಲುಪಿ ಸಾಲದಾಯಿತು. ಕಂಪ್ಯೂಟರ್ ಹೀಗೆ ಕಲಿತದ್ದನ್ನು ಸ್ಕ್ಯಾನರಿನಿಂದ ಅಳಿಸಿ, ಎಣ್ಣೆ ಪೂರ್ತಿ ಬಿಸಿಯಾದ ಮೇಲೆ ಹಗುರ ಕಾಲಿನಲ್ಲಿ ಹದಿನೈದಿಪ್ಪತ್ತು ಸಲ ನಿಂತು ಹೊರಟೆ. ಹನ್ನೆರಡನೆಯ ಸಲವೋ ಏನೋ, ಗೇರ್ ಬಿದ್ದದ್ದು ಆರ್‌ಪಿಎಂ ಮುಳ್ಳಿನಿಂದ ಮಾತ್ರ ತಿಳಿಯಿತು.

ನಡುವೆ ಮಾಡಿದ ಎರಡು ಪರೀಕ್ಷೆಗಳಲ್ಲಿ ಆಲ್ಟರ್ನೇಟರಿನದು ವ್ಯರ್ಥವಾಯಿತು: ಡಯೋಡ್ ಹೋಗಿದ್ದರೆ ಕಂಪ್ಯೂಟರ್ ತಬ್ಬಿಬ್ಬಾಗಬಹುದೆಂದು ಬ್ಯಾಟರಿಯ ಮೇಲೆ ಎಸಿ ವೋಲ್ಟ್ ಅಳೆದೆ, 0.05ರ ಒಳಗಿತ್ತು, ಅಂದರೆ ಡಯೋಡ್ ಸರಿಯಾಗಿಯೇ ಇತ್ತು. ಇನ್ನೊಂದು ಫಲ ಕೊಟ್ಟಿತು. ನಿಂತ ಮೇಲೆ ಒಂದು ಕ್ಷಣ ಬಿಟ್ಟು ಹಿಂದಿನಿಂದ ಬರುತ್ತಿದ್ದ ಸಣ್ಣ ಏಟು ಗೇರ್‌ಬಾಕ್ಸಿನದಲ್ಲ, ಹಿಂದಿನ ಚಕ್ರಗಳತ್ತ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಸ್ಪ್ಲೈನಿನದು, ಅಂದರೆ ಜಾರುವ ಹಲ್ಲಿನ ಜೋಡಣೆಯದು. ಬಿಚ್ಚಿ ಒರೆಸಿ ಗ್ರೀಸ್ ಹಚ್ಚಿದ ಮೇಲೆ ಅದೂ ನಿಂತಿತು. ರಿವರ್ಸಿಗೆ ಹಾಕಿದಾಗ ಬೆಳಗಿನ ಮೊದಲ ಸಲ ಮಾತ್ರ ಈಗಲೂ ಒಂದು ಮಂದ ಸದ್ದು ಬರುತ್ತದೆ, ಗೇಜ್ ಆಗ ಅಲುಗುವುದಿಲ್ಲ. ಗೇರ್‌ಬಾಕ್ಸಿನ ಕೆಳಗಿನ ಮೌಂಟ್ ರಬ್ಬರಿನ ಮೇಲೆ ನನಗೆ ಅನುಮಾನವಿದೆ, ಮುಂದಿನ ಎಣ್ಣೆ ಬದಲಾವಣೆಯ ಹೊತ್ತಿಗೆ ಅದನ್ನು ನೋಡಬೇಕು.