ಚಿಕೂನ್‌ಗುನ್ಯಾ ಆದ ಮೇಲೆ ಮತ್ತೆ ಬುಲೆಟ್ ಹತ್ತಿದ ಬಗೆ

ಚಿಕೂನ್‌ಗುನ್ಯಾ ಜ್ವರ ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ. ಕೀಲು ನೋವು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅದು ಹೆಚ್ಚಾಗಿ ಹಿಡಿಯುವುದು ಬೆರಳ ಗೆಣ್ಣು, ಮಣಿಕಟ್ಟು ಮತ್ತು ಪಾದದ ಕೀಲುಗಳನ್ನು. ಬೈಕ್ ಓಡಿಸುವವರಿಗೆ ಬೇಕಾದದ್ದೂ ಅವೇ. ಕ್ಲಚ್ ಎಡಗೈ ಬೆರಳುಗಳದ್ದು, ಮುಂದಿನ ಬ್ರೇಕ್ ಬಲಗೈಯದ್ದು, ಗೇರ್ ಎಡಪಾದದ್ದು. ಹಾಗಾಗಿ ‘ಜ್ವರ ಬಿಟ್ಟಿತಲ್ಲ, ಇನ್ನೇನು’ ಎಂದು ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ: ಗಾಡಿ ಯಾವಾಗ ಹತ್ತಬೇಕೆಂದು ಥರ್ಮಾಮೀಟರ್ ಹೇಳುವುದಿಲ್ಲ, ಬ್ರೇಕ್ ಹಿಡಿಯುವ ಕೈ ಹೇಳಬೇಕು.

ನಾನಿರುವುದು ವಿಜಯಪುರದಲ್ಲಿ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳಿಗೆ ಹನಿ ನೀರಾವರಿಯ ಪೈಪು ಕೂಡಿಸುವುದು ನನ್ನ ಕೆಲಸ. ಕೆಲಸಕ್ಕೂ, ಬಿಡುವಿದ್ದಾಗ ಊರೂರು ತಿರುಗುವುದಕ್ಕೂ ಇರುವುದು ಒಂದೇ ಗಾಡಿ, 346 ಸಿಸಿಯ ಹಳೆಯ ಬುಲೆಟ್. ತೂಕದಲ್ಲಿ ಎರಡು ಕ್ವಿಂಟಲ್‌ಗೆ ಹತ್ತಿರ.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಓಣಿಯಲ್ಲಿ ಮನೆಗೊಬ್ಬರಂತೆ ಮಲಗಿದರು. ನಲ್ಲಿಗೆ ದಿನವೂ ನೀರು ಬಾರದ ಕಡೆ ಎಲ್ಲರ ಮನೆಯಲ್ಲೂ ಬ್ಯಾರಲ್ ತುಂಬಿಟ್ಟಿರುತ್ತಾರೆ. ಈ ರೋಗ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಅಂಥ ತಿಳಿನೀರಿನಲ್ಲೇ, ಕಚ್ಚುವುದು ಹಗಲಿನಲ್ಲಿ. ಈ ಭಾಗಕ್ಕೆ ಇದು ಹೊಸ ರೋಗವೂ ಅಲ್ಲ. 1973ರಲ್ಲಿ ಪಕ್ಕದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಾಣಿಸಿಕೊಂಡಿತ್ತು. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದೊಡ್ಡದಾಗಿ ಸುದ್ದಿಯಾಗದೆ, 2006ರಲ್ಲಿ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಆಗ ಅಪ್ಪ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ಜ್ವರದ ದಿನಗಳ ಬಗ್ಗೆ ಹೇಳುವುದು ಕಡಿಮೆ. ಡಾಕ್ಟರು ರಕ್ತ ಪರೀಕ್ಷೆಗೆ ಬರೆದು, ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡವೆಂದರು. ಡೆಂಗಿಯಾಗಿದ್ದರೆ ಆಸ್ಪಿರಿನ್, ಐಬುಪ್ರೊಫೇನ್‌ನಂಥ ಮಾತ್ರೆಗಳಿಂದ ರಕ್ತಸ್ರಾವದ ಅಪಾಯವಿದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ನೋವು ತಾಳಲಾರದೆ ಔಷಧ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವವರು, ‘ಒಂದು ಸೂಜಿ ಮಾಡಿಸಿಕೊಂಡರೆ ಎದ್ದು ಓಡಾಡಬಹುದು’ ಎಂಬ ಮಾತು ನಂಬಿ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವವರು ನಮ್ಮಲ್ಲಿ ಬಹಳ. ವೈರಸ್ಸನ್ನು ಕೊಲ್ಲುವ ಔಷಧ ಈ ರೋಗಕ್ಕಿಲ್ಲ. ವಿಶ್ರಾಂತಿ, ನೀರು, ಜ್ವರದ ಮಾತ್ರೆ, ಇಷ್ಟೇ.

ಜ್ವರ ಬಿಟ್ಟ ಮೇಲೆ ನಿಜವಾದ ಪರದಾಟ ಶುರುವಾಯಿತು. ಬೆಳಿಗ್ಗೆ ಎದ್ದರೆ ಬೆರಳು ಮಡಚುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಲು ಹೆಂಡತಿಯನ್ನು ಕರೆಯಬೇಕು, ನಲ್ಲಿ ತಿರುಗಿಸಲು ಎರಡೂ ಅಂಗೈ ಬೇಕು. ಬುಲೆಟ್ಟಿನ ಕೀಲಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ತಿರುಗಿಸಲು ಹೋದರೆ ಮೊಣಕೈವರೆಗೆ ನೋವು ಹರಿಯುತ್ತಿತ್ತು. ಬಿಸಿಲೇರಿದಂತೆ ಬಿಗಿತ ಸಡಿಲವಾಗಿ, ಮಧ್ಯಾಹ್ನದ ಹೊತ್ತಿಗೆ ಕೈ ಸ್ವಲ್ಪ ನನ್ನ ಮಾತು ಕೇಳುತ್ತಿತ್ತು.

ಫಿಸಿಯೋಥೆರಪಿಯವರು ಕಲಿಸಿದ್ದು ಸರಳ. ಬೆಚ್ಚನೆಯ ನೀರಿನಲ್ಲಿ ಕೈ ಇಟ್ಟುಕೊಂಡು ನಿಧಾನವಾಗಿ ಮುಷ್ಟಿ ಕಟ್ಟಿ ಬಿಡಿಸುವುದು, ಮಣಿಕಟ್ಟನ್ನು ಸುತ್ತ ತಿರುಗಿಸುವುದು, ಬಾವು ಇಳಿದ ಮೇಲೆ ಸ್ಪಂಜಿನ ಚೆಂಡು ಹಿಸುಕುವುದು. ಅವ್ವ ಇದಕ್ಕೆ ತನ್ನದೊಂದು ಸೇರಿಸಿದಳು. ರೊಟ್ಟಿ ಬಡಿಯುವ ಮೊದಲು ಜೋಳದ ಹಿಟ್ಟನ್ನು ನನ್ನ ಮುಂದಿಟ್ಟು, ‘ನಾದಪ್ಪ’ ಎನ್ನುತ್ತಿದ್ದಳು. ಬಿಸಿ ನೀರು ಹಾಕಿ ಕಲಸಿದ ಹಿಟ್ಟು ಕೈಗೆ ಕಾವು ಕೊಡುತ್ತದೆ. ಅಂಗೈಯ ಬುಡದಿಂದ ಒತ್ತಬೇಕು, ಬೆರಳಿನಿಂದ ಎಳೆದುಕೊಳ್ಳಬೇಕು. ಮೊದಮೊದಲು ಒಂದು ರೊಟ್ಟಿಯ ಹಿಟ್ಟಿಗೇ ಸುಸ್ತಾಗುತ್ತಿತ್ತು. ಫಿಸಿಯೋಥೆರಪಿಯವರಿಗೆ ಹೇಳಿದಾಗ ಅವರು ಒಪ್ಪಿದರು, ಮರುದಿನ ನೋವು ಹೆಚ್ಚಾದರೆ ಕಡಿಮೆ ಮಾಡಿ ಎಂದರು. ನನಗೆ ಚೆಂಡಿಗಿಂತ ಹಿಟ್ಟೇ ಹಿಡಿಸಿತು.

ಗಾಡಿಯ ವಿಚಾರಕ್ಕೆ ಬರುತ್ತೇನೆ. ‘ಕ್ಲಚ್ ಇಲ್ಲದ ಸ್ಕೂಟರ್ ಓಡಿಸು’ ಎಂದು ಭಾವ ತನ್ನ ಗಾಡಿ ತಂದು ನಿಲ್ಲಿಸಿದರು. ಮನೆಯ ಮುಂದೆಯೇ ಹತ್ತಿ ಕುಳಿತು ಎರಡೂ ಲಿವರ್ ಹಿಡಿದು ನೋಡಿದೆ. ಸ್ಕೂಟರಿನಲ್ಲಿ ಕ್ಲಚ್ ಇಲ್ಲ ನಿಜ, ಆದರೆ ಹಿಂದಿನ ಬ್ರೇಕೂ ಕೈಯಲ್ಲೇ ಇದೆ. ಗಾಡಿ ನಿಲ್ಲಿಸುವ ಭಾರವೆಲ್ಲ ಬೆರಳುಗಳ ಮೇಲೆ ಬೀಳುತ್ತದೆ. ಬುಲೆಟ್ಟಿನಲ್ಲಿ ಬಲಗಾಲು ನೆರವಿಗಿದೆ. ನನ್ನ ಪಾದ ಕೈಗಿಂತ ಬೇಗ ಸುಧಾರಿಸಿದ್ದರಿಂದ ನನಗೆ ಬುಲೆಟ್ಟೇ ಮೇಲು ಅನ್ನಿಸಿತು. ಪಾದಕ್ಕೇ ಹೆಚ್ಚು ನೋವಿರುವವರಿಗೆ ಈ ಲೆಕ್ಕ ತಿರುಗುಮುರುಗಾಗಬಹುದು.

ಮಿಸ್ತ್ರಿ ಕಾಕಾ ನನ್ನ ಕೈ ನೋಡಿ, ‘ಮೊದಲು ಗಾಡಿಯನ್ನು ನಿನ್ನ ಕೈಗೆ ಹೊಂದಿಸೋಣ’ ಎಂದರು. ಕ್ಲಚ್ ಕೇಬಲ್ ಬಿಚ್ಚಿ ತೋರಿಸಿದರು. ಲಿವರಿನ ಹತ್ತಿರ ಒಳತಂತಿಯ ಎಳೆಗಳು ಬಿಚ್ಚಿಕೊಂಡು ಮುಳ್ಳಿನಂತೆ ಎದ್ದಿದ್ದವು, ಒಳಗೆಲ್ಲ ಧೂಳು ಕೂಡಿ ಗಟ್ಟಿಯಾಗಿತ್ತು. ಆರೋಗ್ಯವಾಗಿದ್ದ ಕೈಗೆ ಅದು ಗೊತ್ತೇ ಆಗಿರಲಿಲ್ಲ. ಹೊಸ ಕೇಬಲ್ ಹಾಕಿ, ಚೂಪು ತಿರುವು ಬಾರದಂತೆ ಒಯ್ದು, ಲಿವರಿನ ಕೀಲಿಗೆ ಗ್ರೀಸ್ ಹಚ್ಚಿದ ಮೇಲೆ ಎಳೆತ ಎಷ್ಟು ಹಗುರವಾಯಿತೆಂದರೆ, ಮೊದಲ ಸಲ ಹಿಡಿದಾಗ ಕೇಬಲ್ ಸಿಕ್ಕಿಸಿಯೇ ಇಲ್ಲವೇನೋ ಅನ್ನಿಸಿತು. ಆಮೇಲೆ ಎರಡೂ ಲಿವರಿನ ಹಿಡಿಕೆ ಸಡಿಲಿಸಿ ಸ್ವಲ್ಪ ಕೆಳಕ್ಕೆ ತಿರುಗಿಸಿದರು. ಸೀಟಿನ ಮೇಲೆ ಕುಳಿತು ಕೈ ಚಾಚಿದಾಗ ಮೊಣಕೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿರಬೇಕು. ಮಣಿಕಟ್ಟು ಮೇಲಕ್ಕೆ ಮಡಚಿಕೊಂಡಿದ್ದರೆ ಬೆರಳಿಗೆ ಬಲ ಸಿಗುವುದಿಲ್ಲ. ಎಂಜಿನ್ ಕೂಡಿಸಿದ ಬೋಲ್ಟುಗಳನ್ನು ಬಿಗಿ ಮಾಡಿ, ಹೆಚ್ಚಾಗಿದ್ದ ಟೈರಿನ ಗಾಳಿಯನ್ನು ಕಂಪನಿ ಹೇಳಿದ ಮಟ್ಟಕ್ಕೆ ಇಳಿಸಿದ ಮೇಲೆ ಹ್ಯಾಂಡಲ್ಲಿನ ನಡುಕವೂ ಕಡಿಮೆಯಾಯಿತು. ಹಿಡಿಕೆಗೆ ದಪ್ಪ ಸ್ಪಂಜು ಹಾಕಿಸು ಎಂದವರಿದ್ದರು. ನಾನು ಬೇಡವೆಂದೆ. ಸುತ್ತಳತೆ ಹೆಚ್ಚಾದರೆ ಬೆರಳು ಲಿವರಿಗೆ ಎಟುಕುವುದು ಕಷ್ಟ, ಅಂಟು ಬಿಟ್ಟರೆ ಥ್ರಾಟಲ್ (ಬಲಗೈಯಿಂದ ತಿರುಗಿಸುವ ಎಕ್ಸಲರೇಟರ್) ಮೇಲೆ ಜಾರುತ್ತದೆ.

ರಸ್ತೆಗೆ ಇಳಿಯುವ ಮೊದಲು ನನಗೆ ನಾನೇ ಪರೀಕ್ಷೆ ಇಟ್ಟುಕೊಂಡೆ. ಗಾಡಿ ನಿಂತಿರುವಾಗ ಕ್ಲಚ್ ಪೂರ್ತಿ ಹಿಡಿದು ಸಿಗ್ನಲ್ಲಿನಲ್ಲಿ ಕಾಯುವಷ್ಟು ಹೊತ್ತು ಇರುವುದು. ಆಮೇಲೆ ತೊರವಿ ಕಡೆಯ ಖಾಲಿ ಲೇಔಟಿನಲ್ಲಿ, ತಮ್ಮನನ್ನು ಜೊತೆಗಿಟ್ಟುಕೊಂಡು, ಎರಡನೇ ಗೇರಿನಲ್ಲಿ ಬಂದು ಅವನು ಕೈ ಎತ್ತಿದ ಕೂಡಲೇ ಎರಡೂ ಬ್ರೇಕ್ ಹಿಡಿದು ನಿಲ್ಲಿಸುವುದು. ನೋವು ಆಗಲಿ, ಪರವಾಗಿಲ್ಲ. ನೋವಿಗೆ ಹೆದರಿ ಬೆರಳು ಅರ್ಧಕ್ಕೇ ನಿಂತರೆ ಅಂದು ಗಾಡಿ ಮನೆಗೆ. ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದಾಗ, ಕಬ್ಬಿನ ಟ್ರ್ಯಾಕ್ಟರ್ ಒಮ್ಮೆಲೇ ನಿಂತಾಗ ಅರ್ಧ ಬ್ರೇಕಿನಿಂದ ಜೀವ ಉಳಿಯುವುದಿಲ್ಲ. ಆ ಪರೀಕ್ಷೆ ದಾಟದ ವಾರಗಳಲ್ಲಿ ಬಸ್ಸಿನಲ್ಲೇ ತಿಕೋಟಾಕ್ಕೆ ಹೋಗಿ ಬಂದೆ. ತಲೆ ತಿರುಗಿಸುವ ನೋವಿನ ಮಾತ್ರೆ ನುಂಗಿದ ದಿನ ಕೀಲಿಯನ್ನು ಮುಟ್ಟುತ್ತಲೇ ಇರಲಿಲ್ಲ.

ಆಗಲೇ ಚಳಿಗಾಲ ಬಂದಿತ್ತು. ಬುಲೆಟ್ ಸವಾರರಿಗೆ ನಸುಕಿನ ರಸ್ತೆ ಪ್ರೀತಿಯದು, ನನಗೂ ಹಾಗೆಯೇ. ಆದರೆ ಬಿಗಿತ ಇರುವುದೇ ಆ ಹೊತ್ತಿನಲ್ಲಿ. ಹತ್ತು ಗಂಟೆ ದಾಟಿದ ಮೇಲೆ, ಕೈಗವಸು ಹಾಕಿಕೊಂಡೇ ಹೊರಡುತ್ತಿದ್ದೆ. ಊರೊಳಗಿನ ಸಂಚಾರದಲ್ಲಿ ಕ್ಲಚ್ಚಿನ ಕೆಲಸ ಹೆಚ್ಚು, ಆದ್ದರಿಂದ ನಿಂತ ಕೂಡಲೇ ನ್ಯೂಟ್ರಲ್ ಮಾಡುವುದು ರೂಢಿಯಾಯಿತು. ಹೆದ್ದಾರಿಯಲ್ಲಿ ಕ್ಲಚ್ಚಿಗೆ ಕೆಲಸವಿಲ್ಲ, ಆದರೆ ಥ್ರಾಟಲ್ಲನ್ನು ಒಂದೇ ಸಮ ಹಿಡಿದ ಬಲ ಮಣಿಕಟ್ಟು ಮರಗಟ್ಟುತ್ತದೆ.

ಮೊದಲ ದೂರದ ಸವಾರಿ ಕೊಲ್ಹಾರಕ್ಕೆ. ದಾರಿಯಲ್ಲಿ ಆಗಾಗ ಗಾಡಿ ನಿಲ್ಲಿಸಿ ಬೆರಳು ಬಿಡಿಸಿಕೊಳ್ಳುತ್ತ ಹೋದೆ. ಕೃಷ್ಣೆಯ ಸೇತುವೆಯ ಮೇಲೆ, ಸಿಮೆಂಟಿನ ಕೂಡುಗಳ ಮೇಲೆ ಚಕ್ರ ಹಾಯ್ದಾಗಲೆಲ್ಲ ಮಣಿಕಟ್ಟಿಗೆ ಒಂದೊಂದು ಏಟು ಬಿದ್ದಂತಾಗುತ್ತಿತ್ತು. ಆದರೂ ಹಿಗ್ಗು ಹೇಳತೀರದು. ಹೆಲ್ಮೆಟ್ಟಿನೊಳಗೆ ಜೋರಾಗಿ ಹಾಡಿದೆ. ಊರಿನ ಹೆಸರಾಂತ ಗಡಿಗೆ ಮೊಸರು ಕಟ್ಟಿಸಿಕೊಂಡು, ಸಂಜೆಯ ತಂಪಿಗೆ ಮೊದಲೇ ಮನೆ ಸೇರಿದೆ.

ಮೂರು ತಿಂಗಳಾದರೂ ಬಾವು, ಬೆಳಗಿನ ಬಿಗಿತ ಹೋಗದಿದ್ದರೆ ಸಂಧಿವಾತದ ತಜ್ಞರನ್ನು ಕಾಣಬೇಕೆಂದು ಡಾಕ್ಟರು ಹೇಳಿದ್ದರು, ನಾನು ಕಂಡೆ. ಈ ರೋಗದ ಬಾಲ ಕೆಲವರಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ, ಅದಕ್ಕೆ ಬೇರೆ ಚಿಕಿತ್ಸೆಯೇ ಇದೆ. ನನಗೆ ಈಗ ಉಳಿದಿರುವುದು ಬಲ ಹೆಬ್ಬೆರಳಿನ ಬುಡದ ಸಣ್ಣ ನೋವು. ಇಂಡಿ ಪಟ್ಟಣದ ಗೆಳೆಯನೊಬ್ಬ ಇದೇ ಜ್ವರದಿಂದ ಈಗಷ್ಟೇ ಎದ್ದು ‘ಗಾಡಿ ಯಾವಾಗ ಹತ್ತಲಿ’ ಎಂದು ದಿನವೂ ಫೋನ್ ಮಾಡುತ್ತಾನೆ. ಅವನ ಮನೆಯ ಬ್ಯಾರಲ್‌ಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆಯನ್ನು ಗಸಗಸ ತಿಕ್ಕಲು ಮನೆಯವರಿಗೆ ಹೇಳಿದ್ದೇನೆ, ಏಕೆಂದರೆ ಈಡಿಸ್ ಮೊಟ್ಟೆ ಒಣಗಿದ ಮೇಲೂ ತಿಂಗಳುಗಟ್ಟಲೆ ಬದುಕಿರುತ್ತದೆ. ಅವನಿಗೆ ಹೇಳಿರುವುದು ಬೆಚ್ಚನೆಯ ನೀರು, ಹಿಟ್ಟು ನಾದುವುದು, ಹೊಸ ಕ್ಲಚ್ ಕೇಬಲ್. ಬ್ರೇಕಿನ ಪರೀಕ್ಷೆ ಮಾಡುವ ದಿನ ಕೈ ಎತ್ತಿ ನಿಲ್ಲಿಸಲು ನಾನೇ ಇಂಡಿಗೆ ಹೋಗುತ್ತೇನೆ.