ಕಿವಿ ಕೇಳದವರೇ ಮುಂದೆ ನಿಂತ ತಮಟೆ ತಂಡ: ಕೋಲಾರದಲ್ಲಿ ನನ್ನ ಅನುಭವ

ಕಿವಿ ಕೇಳದವರು, ಕಣ್ಣು ಕಾಣದವರು, ವೀಲ್‌ಚೇರಿನವರು, ಜೊತೆಗೆ ಯಾವ ತೊಂದರೆಯೂ ಇಲ್ಲದ ಕಾಲೇಜು ಹುಡುಗರು, ಎಲ್ಲರಿಗೂ ಒಂದೇ ತಮಟೆ ಕ್ಲಾಸು ಅಂದಾಗ ಕೋಲಾರದಲ್ಲಿ ನನಗೆ ಗೊತ್ತಿದ್ದ ಕಲಾವಿದರಲ್ಲಿ ಮುಕ್ಕಾಲು ಪಾಲು ಜನ ಆಗಲ್ಲ ಅಂದರು. ನನಗೆ ತಮಟೆ ಕಲಿಸಿದ ಹಿರಿಯರೇ "ಕಿವಿ ಕೇಳದೋರಿಗೆ ಹೇಳ್ಕೊಡ್ತೀಯೇನಪ್ಪಾ, ಏಟು ಬಿದ್ದದ್ದೇ ಅವರಿಗೆ ಗೊತ್ತಾಗಲ್ವಲ್ಲ" ಅಂದಿದ್ದರು. ಈಗ ಸುಮಾರು ಮೂರು ವರ್ಷ ಆಯಿತು. ಹೋದ ಜಾತ್ರೆ ಸೀಸನ್ನಿನಲ್ಲಿ ನಮ್ಮ ತಂಡ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹತ್ತಾರು ಊರಲ್ಲಿ ದುಡ್ಡು ತಗೊಂಡು ಬಾರಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ. ತಮಟೆ ಹಿಡಿಯೋದು, ಬೆಂಕಿಗೆ ಹಿಡಿದು ಚರ್ಮ ಕಾಯಿಸೋದು, ಗತ್ತು (ಏಟುಗಳ ವರಸೆ) ಕೂರಿಸೋದು ಬಾರಿಸುವವರಿಗೆ ಗೊತ್ತೇ ಇದೆ, ಅದನ್ನೆಲ್ಲ ಬಿಟ್ಟುಬಿಡುತ್ತೇನೆ.

ಮೊದಲು ಎಲ್ಲರೂ ಮಾಡುವ ಹಾಗೆ ಬೇರೆ ಬೇರೆ ಬ್ಯಾಚ್ ಮಾಡಿ ನೋಡಿದೆವು. ಅದು ನಿಲ್ಲಲಿಲ್ಲ. ಒಂದೊಂದು ಬ್ಯಾಚೂ ಚೆನ್ನಾಗೇ ಕಲಿಯಿತು, ಆದರೆ ಸೇರಿಸಿ ನಿಲ್ಲಿಸಿದರೆ ಎರಡು ತಂಡ ಎದುರುಬದುರು ಬಾರಿಸಿದ ಹಾಗೆ ಕೇಳುತ್ತಿತ್ತು. ಆಮೇಲೆ ಸನ್ನೆ ಭಾಷೆ ಗೊತ್ತಿದ್ದ ಒಬ್ಬ ಅಕ್ಕನನ್ನು ಮುಂದೆ ನಿಲ್ಲಿಸಿ ಪ್ರತಿ ಗತ್ತಿಗೂ ಒಂದು ಸನ್ನೆ ಇಟ್ಟೆವು. ಪಾಠ ಹೇಳೋಕೆ ಅದು ತುಂಬಾ ಚೆನ್ನಾಗಿದೆ, ಇವತ್ತಿಗೂ ಅವರಿಲ್ಲದೆ ಕ್ಲಾಸು ನಡೆಯಲ್ಲ. ಆದರೆ ಬಾರಿಸುವಾಗ ಬರೋದಿಲ್ಲ. ಅಕ್ಕ ಏಟು ಕೇಳಬೇಕು, ಕೈ ಎತ್ತಬೇಕು, ಅದನ್ನು ನೋಡಿ ಇವರು ಹೊಡೆಯಬೇಕು. ಅಷ್ಟರಲ್ಲಿ ಅರ್ಧ ಮಾತ್ರೆ, ಅಂದರೆ ತಾಳದ ಅರ್ಧ ಎಣಿಕೆ, ಹೋಗಿರುತ್ತದೆ. ಮೂರನೆಯದು ಬಲ್ಬು. ಕಾಲಲ್ಲಿ ಒತ್ತುವ ಸ್ವಿಚ್ಚಿಗೆ ಕೆಂಪು, ಹಸಿರು ಬಲ್ಬು ಕಟ್ಟಿಸಿದೆ. ಹಾಲ್ ಒಳಗೆ ಲೈಟ್ ಆಫ್ ಮಾಡಿದರೆ ಬಹಳ ಸೊಗಸು. ಮೆರವಣಿಗೆಯಲ್ಲಿ ಮಟಮಟ ಮಧ್ಯಾಹ್ನ ಬಲ್ಬು ಯಾರಿಗೆ ಕಾಣುತ್ತದೆ? ಆರೇಳು ಸಾವಿರ ಅಲ್ಲಿಗೇ ಹೋಯಿತು.

ದಾರಿ ಸಿಕ್ಕಿದ್ದು ನೆಲದಿಂದ. ಸ್ಕಾಟ್ಲೆಂಡಿನ ತಾಳವಾದ್ಯ ಕಲಾವಿದೆ ಎವೆಲಿನ್ ಗ್ಲೆನ್ನಿ ಹೆಸರು ಕೆಲವರು ಕೇಳಿರುತ್ತೀರಿ. ಹನ್ನೆರಡು ವರ್ಷದ ಹೊತ್ತಿಗೆ ಆಕೆಗೆ ಕಿವಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು, ನಡುಕ ಕಾಲಿಗೆ ಗೊತ್ತಾಗಲಿ ಅಂತ ಬರಿಗಾಲಲ್ಲಿ ನಿಂತು ಬಾರಿಸುತ್ತಾರೆ. ನಾವೂ ಚಪ್ಪಲಿ ಬಿಡಿಸಿದೆವು, ಏನೂ ಆಗಲಿಲ್ಲ. ಯಾಕೆಂದರೆ ನಮ್ಮ ಹಾಲ್‌ನದು ಗ್ರಾನೈಟ್ ನೆಲ, ಅದರ ಮೇಲೆ ನಡುಕ ಕಾಲಿಗೆ ಗೊತ್ತಾಗುವುದೇ ಇಲ್ಲ. ಬಡಗಿಯನ್ನು ಕರೆಸಿ ಮರದ ರೀಪರ್ ಪಟ್ಟಿ ಹಾಕಿಸಿ ಮೇಲೆ ಪ್ಲೈವುಡ್ ಹೊಡೆಸಿದೆ. ಆರು ಶೀಟು, ಕೂಲಿ ಸೇರಿ ಇಪ್ಪತ್ತೈದು ಸಾವಿರದ ಹತ್ತಿರ ಆಯಿತು. ತಮಟೆ ಜೊತೆಗೆ ಒಂದು ದೊಡ್ಡ ಡೋಲನ್ನು ಆ ಹಲಗೆ ಮೇಲೇ ಇಟ್ಟೆ. ಚೆನ್ನಾಗಿ ಕಾಯಿಸಿದ ತಮಟೆಯ ಚುರುಕು ಸದ್ದು ಕಾಲಿಗೆ ಅಷ್ಟಾಗಿ ಬರಲ್ಲ, ಡೋಲಿನ ದಪ್ಪ ಸದ್ದು ಮೊಣಕಾಲಿನವರೆಗೆ ಹತ್ತುತ್ತದೆ. ಬಂಗಾರಪೇಟೆಯ ಕಡೆಯಿಂದ ಬರುವ ಒಬ್ಬ ಹುಡುಗ, ಟೈಲರಿಂಗ್ ಕೆಲಸದವನು, ಹುಟ್ಟಿನಿಂದ ಕಿವಿ ಕೇಳಲ್ಲ. ಅವತ್ತು ಹಲಗೆ ಮೇಲೆ ನಿಂತ, ಡೋಲಿಗೆ ಏಟು ಬಿತ್ತು, ತಟ್ಟನೆ ಕೆಳಗೆ ನೋಡಿಕೊಂಡ. ಆಮೇಲೆ ಹಿಮ್ಮಡಿ ಮಾತ್ರ ಎತ್ತಿ ಇಳಿಸಿ ಎಣಿಸೋಕೆ ಶುರು ಮಾಡಿದ. ಎಂಟು ಮಾತ್ರೆಯಲ್ಲಿ ಒಂದೂ ತಪ್ಪಲಿಲ್ಲ.

ಬೀದಿಯಲ್ಲಿ ಹಲಗೆ ಎಲ್ಲಿಂದ ತರುತ್ತೀಯಾ ಅಂತ ಆಗಲೂ ಕೆಲವರು ಕೇಳಿದರು. ಇಲ್ಲೇ ನಮ್ಮ ಕ್ಲಾಸಿನ ಗುಟ್ಟು ಇರೋದು. ಕೇಳುವವರು ಬಾರಿಸೋದನ್ನು ಕೇಳದವರು ಹಿಂಬಾಲಿಸಬೇಕು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ನಾನು ಅದನ್ನು ತಿರುಗಿಸಿದೆ. ಆ ಟೈಲರಿಂಗ್ ಹುಡುಗನನ್ನೇ ಮುಂದಾಳು ಮಾಡಿದೆ. ಲಯ ಅವನ ಮೈಯಲ್ಲಿ ಕೂತಿದೆ, ಅವನು ಯಾರ ಏಟನ್ನೂ ಕೇಳಿಸಿಕೊಳ್ಳಬೇಕಾಗಿಲ್ಲ. ಕಿವಿ ಇರುವವರು ಅವನ ಏಟು ಕೇಳಿಸಿಕೊಳ್ಳುತ್ತಾರೆ, ಮಿಕ್ಕ ಕಿವಿ ಕೇಳದವರು ಅವನ ಬಲ ಭುಜ ನೋಡುತ್ತಾರೆ. ಕಾಲೇಜು ಹುಡುಗರಿಗೆ ಮೊದಮೊದಲು ಕಷ್ಟ ಆಯಿತು, ಅವರಿಗೆ ಜೋರು ಜನ ಸೇರಿದ ಕೂಡಲೇ ವೇಗ ಏರಿಸುವ ಚಾಳಿ. ಇವನು ಜನರ ಕೇಕೆಗೆ ಕಿವಿಗೊಡುವ ಪ್ರಶ್ನೆಯೇ ಇಲ್ಲವಲ್ಲ, ಹಿಡಿದ ಕಾಲ ಬಿಡುವುದಿಲ್ಲ. ಹಾಗಾಗಿ ನಮ್ಮ ತಂಡದಷ್ಟು ಕಟ್ಟುನಿಟ್ಟಾದ ಲಯ ಈ ಭಾಗದಲ್ಲಿ ಬೇರೆ ಕಡೆ ಕಡಿಮೆ ಅಂತ ಧೈರ್ಯವಾಗಿ ಹೇಳುತ್ತೇನೆ. ನನ್ನ ಹಿರಿಯರೂ ನಿಂತು ನೋಡಿ, ಆ ಹುಡುಗನ ಕೈ ಹಿಡಿದು ಕೋಲು ಹಿಡಿಯುವ ಪಟ್ಟು ಸ್ವಲ್ಪ ಸರಿಮಾಡಿ ಹೋದರು.

ಕಣ್ಣು ಕಾಣದವರದು ಬೇರೆ ಕಥೆ. ಅವರಿಗೆ ಗತ್ತು ಬೇಗ ಬರುತ್ತದೆ, ನಾವು ಬಾಯಲ್ಲಿ ಹೇಳಿದ್ದನ್ನು ಎರಡನೇ ಸಲಕ್ಕೇ ಹಿಡಿಯುತ್ತಾರೆ. ತೊಂದರೆ ಇರೋದು ನಡೆಯುವುದರಲ್ಲಿ ಮತ್ತು ಗತ್ತು ಬದಲಾಗುವ ಜಾಗದಲ್ಲಿ. ಎರಡೂ ಕೈಯಲ್ಲಿ ಕೋಲಿದ್ದಾಗ ಪಕ್ಕದವರ ಕೈ ಹಿಡಿಯೋಕೆ ಆಗಲ್ಲ. ಸೊಂಟಕ್ಕೆ ಕಟ್ಟುವ ಟವೆಲ್ ಇದೆಯಲ್ಲ, ಅದರ ತುದಿಯನ್ನು ಪಕ್ಕದವರ ಟವೆಲ್ಲಿಗೆ ಸಡಿಲವಾಗಿ ಗಂಟು ಹಾಕಿದೆವು. ಒಂದು ಎಳೆತಕ್ಕೆ ತಿರುವು ಗೊತ್ತಾಗುತ್ತದೆ, ನೋಡುವವರಿಗೆ ವೇಷದ ಭಾಗ ಅನ್ನಿಸುತ್ತದೆ. ಇಪ್ಪತ್ತು ಜನರ ಸಾಲು ಒಂದೇ ಏಟಿಗೆ ನಿಲ್ಲೋದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯಲ್ಲ. ಬಂದು ಸಾಲಲ್ಲಿ ನಿಂತರೆ ತಿಳಿಯುತ್ತದೆ.

ವೀಲ್‌ಚೇರಿನವರಿಗೆ ತಮಟೆ ಹೆಗಲಿಗೆ ಹಾಕಿದರೆ ಅದರ ಬಳೆ (ಸುತ್ತಿನ ಚೌಕಟ್ಟು) ಕುರ್ಚಿಯ ಕೈಗೆ ತಗುಲಿ ಟಕಟಕ ಅನ್ನುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ಇಂಚಿನ ಪೈಪು ಬಗ್ಗಿಸಿ ಕ್ಲಾಂಪ್ ಹಾಕಿಸಿದೆ, ಒಂದಕ್ಕೆ ಮುನ್ನೂರೈವತ್ತೋ ನಾನೂರೋ ಆಯಿತು. ಕ್ಲಾಸಿನಲ್ಲಿ ಕಾಲು ಹಲಗೆಗೆ ತಾಗುವ ಹಾಗೆ ಕೂರಿಸಬೇಕು, ಗಾಳಿ ಟೈರು ನಡುಕವನ್ನೆಲ್ಲ ನುಂಗಿಬಿಡುತ್ತದೆ.

ಸುಮ್ನೆ ಮಾಡಿ ನೋಡಿದ್ದೂ ಕೆಲವು ಇವೆ. ಬಲೂನ್ ಊದಿ ಎದೆಗೆ ಒತ್ತಿ ಹಿಡಿದರೆ ಸದ್ದು ಕೈಗೂ ಎದೆಗೂ ಚೆನ್ನಾಗಿ ಬರುತ್ತದೆ, ಚಿಕ್ಕ ಮಕ್ಕಳಿಗೆ ಮೊದಲ ವಾರ ಅದೇ ಪಾಠ. ಫೈಬರ್ ತಮಟೆಗೆ ಕಾಯಿಸುವ ಗೋಜಿಲ್ಲ, ಕಣ್ಣು ಕಾಣದವರ ಪಕ್ಕ ಬೆಂಕಿ ಇರೋದಿಲ್ಲ ಅನ್ನೋದೂ ನಿಜ. ಆದರೆ ಕೋಲಿಗೆ ಚರ್ಮ ಕೊಡುವ ಉತ್ತರ ಫೈಬರ್ ಕೊಡಲ್ಲ, ನನಗೆ ಒಪ್ಪಿಗೆ ಇಲ್ಲ. ಕಾಯಿಸುವ ಕೆಲಸ ಸರದಿ ಮೇಲೆ ಇಬ್ಬರಿಗೆ ವಹಿಸಿದ್ದೇನೆ. ಸದ್ದಿಗೆ ಬೆಚ್ಚುವ ಒಬ್ಬ ಆಟಿಸಂ ಹುಡುಗನಿಗೆ ಕಿವಿಗೆ ಹಾಕುವ ಮಫ್ ತಂದೆವು. ಅವನು ಆರು ತಿಂಗಳು ಬಾಗಿಲ ಹತ್ತಿರ ಕೂತಿದ್ದ. ಈಗ ಗೆಜ್ಜೆ ಕಟ್ಟಿ ಮೊದಲ ಸಾಲಲ್ಲಿ ಕುಣಿಯುತ್ತಾನೆ.

ಮನೆಯವರನ್ನು ಒಪ್ಪಿಸಿದ್ದು ಇದೆಲ್ಲಕ್ಕಿಂತ ಕಷ್ಟ. "ಸಾವಿಗೆ ಬಡಿಯೋ ವಾದ್ಯ ನಮ್ಮ ಮಗೂಗೆ ಬೇಡ ಸಾರ್, ಕೀಬೋರ್ಡ್ ಹೇಳ್ಕೊಡಿ" ಅಂದವರಿದ್ದಾರೆ. ಜಾತಿಯ ಮಾತು ಅದು, ಎಲ್ಲರಿಗೂ ಗೊತ್ತು. ನಾನು ಕೀಬೋರ್ಡ್ ತರಲಿಲ್ಲ. 2023ರಲ್ಲಿ ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂದ ಮೇಲೆ ಆ ಮಾತು ಸ್ವಲ್ಪ ತಗ್ಗಿತು. ಈಗ ಅದೇ ಮನೆಯವರು ವಿಡಿಯೊ ಮಾಡಿ ಸ್ಟೇಟಸ್ ಹಾಕುತ್ತಾರೆ.

ಇನ್ನು ದುಡ್ಡು. ಮೊದಲ ವರ್ಷ ಲಕ್ಷದ ನಲವತ್ತು ಸಾವಿರದಷ್ಟು ಕೈಯಿಂದ ಹೋಯಿತು. ಅದರಲ್ಲಿ ಅರ್ಧ ಬರೀ ಆಟೊಗೆ. ಕೆಎಸ್‌ಆರ್‌ಟಿಸಿ ಅಂಗವಿಕಲರ ಪಾಸು ಮನೆಯಿಂದ 100 ಕಿಲೋಮೀಟರ್ ಒಳಗೆ ನಡೆಯುತ್ತದೆ, ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ. ಆದರೆ ವೀಲ್‌ಚೇರನ್ನು ಕೆಂಪು ಬಸ್ಸಿಗೆ ಹತ್ತಿಸುವವರು ಯಾರು? ಬಸ್ ಸ್ಟ್ಯಾಂಡಿನಿಂದ ಹಾಲ್‌ಗೆ ಕರೆತರುವವರು ಯಾರು? ಹೊಸದಾಗಿ ಶುರು ಮಾಡುವವರು ವಾದ್ಯಕ್ಕಿಂತ ಮೊದಲು ಆಟೊ ಲೆಕ್ಕ ಬರೆಯಿರಿ. ಹಾಲ್‌ಗೂ ಮೊದಲು ಬಾಡಿಗೆ ಕೊಡುತ್ತಿದ್ದೆ. ಒಂದು ದಿನ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಕಲಂ ಪ್ರಿಂಟ್ ತೆಗೆದು ಅರ್ಜಿ ಜೊತೆ ಪಿನ್ ಮಾಡಿದೆ. ಕಲೆಯ ಕೋರ್ಸುಗಳನ್ನು ಅಂಗವಿಕಲರೂ ಸೇರುವ ಹಾಗೆ ಮರುರೂಪಿಸಬೇಕು ಅಂತ ಅದರಲ್ಲೇ ಇದೆ. ಹಾಲ್ ಬಾಡಿಗೆ ಇಲ್ಲದೆ ಸಿಕ್ಕಿತು, ವಾರಕ್ಕೆ ಎರಡು ದಿನ.

ಫೀಸು ತಿಂಗಳಿಗೆ ಐನೂರು, ಎಲ್ಲರಿಗೂ ಒಂದೇ. ಪುಕ್ಕಟೆ ಅಂದರೆ ಮಳೆ ಬಂದರೂ ರಜೆ, ನೆಂಟರು ಬಂದರೂ ರಜೆ. ಕೊಡಲಾಗದವರಿಂದ ಕಾರ್ಯಕ್ರಮದ ದುಡ್ಡಿನಲ್ಲಿ ಹಿಡಿಯುತ್ತೇನೆ. ಒಂದು ಕಾರ್ಯಕ್ರಮಕ್ಕೆ ಹತ್ತು ಹನ್ನೆರಡು ಸಾವಿರ, ಗಾಡಿ ಬೇರೆ. ಉಳಿದದ್ದು ಸಮಪಾಲು. ಡಿಸೆಂಬರ್ 3ರ ಅಂಗವಿಕಲರ ದಿನ ಹತ್ತಿರ ಬಂದರೆ ಶಾಲು ಹೊದಿಸಿ ಸನ್ಮಾನ ಮಾಡ್ತೀವಿ ಬನ್ನಿ ಅಂತ ಫೋನು ಮೇಲೆ ಫೋನು. ಶಾಲು ಬೇಡ, ಪೇಮೆಂಟ್ ಎಷ್ಟು ಅಂತ ಕೇಳುತ್ತೇನೆ. ಅರ್ಧ ಜನ ಫೋನ್ ಇಡುತ್ತಾರೆ, ಇಡಲಿ. ಊರಹಬ್ಬದವರು ಚೌಕಾಸಿ ಮಾಡಿದರೂ ಬಾರಿಸುವವರಿಗೆ ಕೊಡುವ ರೇಟು ಕೊಡುತ್ತಾರೆ.

ಹಲಗೆ ಹಾಕಿಸುವವರಿಗೆ ಒಂದು ಮಾತು: 18 ಎಂಎಂ ಪ್ಲೈವುಡ್ಡೇ ತಗೊಳ್ಳಿ. ಜಾಸ್ತಿ ಜನ ಕುಣಿದರೆ 12 ಎಂಎಂ ಒಂದೇ ವರ್ಷದಲ್ಲಿ ಬಗ್ಗುತ್ತದೆ. ರೀಪರ್ ಪಟ್ಟಿಗಳ ನಡುವೆ ಒಂದೂಕಾಲು ಅಡಿ ಬಿಡಿ, ಮೊಳೆ ಬೇಡ, ಸ್ಕ್ರೂ ಹಾಕಿಸಿ. ಮೊಳೆ ಎದ್ದರೆ ಬರಿಗಾಲಿಗೆ ಚುಚ್ಚುತ್ತದೆ.