ಮೀಸಲು ಸ್ಥಾನಕ್ಕೆ ನಮ್ಮವರನ್ನು ನಾವೇ ಆರಿಸಿಕೊಂಡ ಬಗೆ: ನನ್ನ ಅನುಭವ

ಗ್ರಾಮ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಮೀಸಲು ಎಂಬುದನ್ನು ಸರ್ಕಾರ ಗೊತ್ತುಮಾಡುತ್ತದೆ. ಆ ವರ್ಗದೊಳಗೆ ಯಾರು ಅಧ್ಯಕ್ಷರಾಗಬೇಕು ಎಂಬುದನ್ನು ಮಾತ್ರ ಎಷ್ಟೋ ಊರುಗಳಲ್ಲಿ ಆ ವರ್ಗಕ್ಕೆ ಸೇರದವರೇ ತೀರ್ಮಾನಿಸುತ್ತಾರೆ. ಚಳ್ಳಕೆರೆ ತಾಲ್ಲೂಕಿನ ನಮ್ಮ ಪಂಚಾಯಿತಿಯಲ್ಲಿ ಈ ಎರಡನೆಯ ತೀರ್ಮಾನವನ್ನು ಪರಿಶಿಷ್ಟ ಜಾತಿಯ ಸದಸ್ಯೆಯರಾದ ನಾವೇ ಹೇಗೆ ಕೈಗೊಂಡೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

2020ರ ಡಿಸೆಂಬರ್ ಚುನಾವಣೆಯಲ್ಲಿ ನಾನು ಮೀಸಲು ಸ್ಥಾನದಿಂದಲೇ ಗೆದ್ದೆ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯು ಸದಸ್ಯ ಸ್ಥಾನಗಳಲ್ಲಿ ಮಾತ್ರವಲ್ಲದೆ ಅಧ್ಯಕ್ಷ ಸ್ಥಾನಗಳಲ್ಲಿಯೂ ಪರಿಶಿಷ್ಟರಿಗೆ ಜನಸಂಖ್ಯೆಗೆ ತಕ್ಕ ಪಾಲನ್ನೂ ಮಹಿಳೆಯರಿಗೆ ಮೂರನೇ ಒಂದು ಪಾಲನ್ನೂ ಕೊಟ್ಟಿತು. ಮುಂದೆ ಕರ್ನಾಟಕವು ಮಹಿಳೆಯರ ಪಾಲನ್ನು ಅರ್ಧಕ್ಕೆ ಏರಿಸಿತು. ಈ ಕಾನೂನು ಇಲ್ಲದಿದ್ದರೆ ನಮ್ಮ ಕೇರಿಯ ಹೆಣ್ಣುಮಗಳೊಬ್ಬಳು ಆ ಕಚೇರಿಯ ಒಳಗೆ ಕುರ್ಚಿ ಎಳೆದುಕೊಂಡು ಕೂರುವುದು ನನ್ನ ಕಾಲದಲ್ಲಿ ಆಗುತ್ತಿರಲಿಲ್ಲ.

ಮೊದಲ ಅವಧಿಯ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿ ಮಹಿಳೆಗೆ ಎಂದು ಪ್ರಕಟವಾಯಿತು. ಆ ವರ್ಗದಲ್ಲಿ ನಾವು ನಾಲ್ವರಿದ್ದೆವು: ಮಾದಿಗರ ಕೇರಿಯಿಂದ ನಾನು ಮತ್ತು ಇನ್ನೊಬ್ಬರು, ಭೋವಿ ಕಾಲೊನಿಯಿಂದ ಒಬ್ಬರು, ಲಂಬಾಣಿ ತಾಂಡಾದಿಂದ ಒಬ್ಬರು. ಪಂಚಾಯಿತಿ ಮೀಸಲಾತಿಯಲ್ಲಿ ಪರಿಶಿಷ್ಟ ಜಾತಿಯೊಳಗೆ ಉಪವರ್ಗಗಳಿಲ್ಲ. ಶಿಕ್ಷಣ ಮತ್ತು ಉದ್ಯೋಗದಲ್ಲಿ ಒಳಮೀಸಲಾತಿ ಬೇಕೆಂಬ ಹೋರಾಟದಲ್ಲಿ ನಾನೂ ಇದ್ದವಳು, ಹಾಗಾಗಿ ಒಂದೇ ಹೆಸರಿನಡಿ ಇರುವ ಜಾತಿಗಳ ನಡುವಿನ ಅಂತರ ನನಗೆ ಗೊತ್ತು. ಅದು ಊರಿನ ಜಮೀನ್ದಾರರಿಗೂ ಗೊತ್ತಿತ್ತು. ಪ್ರಕಟಣೆ ಹೊರಬಿದ್ದ ಮೇಲೆ ಅವರ ಕಡೆಯವರು ನಾಲ್ಕೂ ಮನೆಗಳಿಗೆ ಬಂದು ನಮ್ಮ ಗಂಡಂದಿರನ್ನು ಮಾತನಾಡಿಸಿದರು. ಎಲ್ಲ ಕಡೆಯೂ ಹೇಳಿದ್ದು ಒಂದೇ ಮಾತು: “ಈ ಸಲ ನಿಮ್ಮವರಿಗೇ ಮಾಡಿಸ್ತೀವಿ.”

ಅಧ್ಯಕ್ಷ ಸ್ಥಾನಕ್ಕೆ ಅರ್ಹರಲ್ಲಿ ಒಬ್ಬರೇ ನಾಮಪತ್ರ ಸಲ್ಲಿಸಿದರೆ ಅವಿರೋಧ ಆಯ್ಕೆಯಾಗುತ್ತದೆ. ಉಳಿದ ಸದಸ್ಯರ ಮತವೇ ಬೇಕಾಗುವುದಿಲ್ಲ. ಅಂದರೆ ನಾಲ್ವರೂ ಒಂದಾದರೆ ಬೇರೆ ಯಾರ ಹಂಗೂ ಇಲ್ಲ, ಒಬ್ಬರು ಒಡೆದರೂ ತೀರ್ಮಾನ ದೊಡ್ಡವರ ಕೈಗೆ ಹೋಗುತ್ತದೆ. ಇದನ್ನು ಇಟ್ಟುಕೊಂಡು ನಾನು ಮೂವರನ್ನೂ ನಮ್ಮ ಮನೆಗೆ ಕರೆದೆ. ಗಂಡಸರನ್ನು ಹೊರಗಿಟ್ಟೆವು, ಜಾತಿಯ ಸರದಿಯನ್ನು ಕೊನೆಗೆ ಮಾತನಾಡೋಣ ಎಂದು ಒಪ್ಪಿಕೊಂಡೆವು. ದೊಡ್ಡವರ ಹತ್ತಿರ ಸಾಲ ಇಲ್ಲದ ಮನೆ ಯಾರದು, ಕಚೇರಿಗೆ ಒಬ್ಬರೇ ಬಂದು ಕೂರಬಲ್ಲವರು ಯಾರು, ನಡಾವಳಿಯನ್ನು ಓದದೆ ಸಹಿ ಹಾಕದವರು ಯಾರು ಎಂಬುದನ್ನು ಮೊದಲು ಕೇಳಿಕೊಂಡೆವು. ಸಾಲದ ಪ್ರಶ್ನೆಗೆ ಉತ್ತರಿಸುವುದು ಎಲ್ಲಕ್ಕಿಂತ ಕಷ್ಟವಾಯಿತು, ಆದರೂ ಎಲ್ಲರೂ ನಿಜ ಹೇಳಿದರು. ಮೂರಕ್ಕೂ ಸರಿಹೊಂದಿದವರು ತಾಂಡಾದ ಸದಸ್ಯೆ. ಸ್ವಸಹಾಯ ಸಂಘದ ಪುಸ್ತಕ ಬರೆಯುತ್ತಿದ್ದ ಅವರಿಗೆ ಲೆಕ್ಕ ಹೊಸದಾಗಿರಲಿಲ್ಲ.

ನಮ್ಮ ಕೇರಿಯಲ್ಲಿ ಇದಕ್ಕೆ ದೊಡ್ಡ ಆಕ್ಷೇಪ ಬಂತು. “ಓಟು ನಮ್ದು ಜಾಸ್ತಿ ಐತೆ, ಕುರ್ಚಿ ತಾಂಡಾಕ್ಕೆ ಯಾಕೆ ಬಿಟ್ಟೆಮ್ಮ?” ಎಂದು ಹಿರಿಯರು ಕೇಳಿದರು. ಅವರ ಕೋಪ ನ್ಯಾಯವಾದದ್ದು. ಎಲ್ಲ ಕಡೆಯೂ ಹಿಂದಕ್ಕೆ ಸರಿಸಲ್ಪಟ್ಟವರಿಗೆ ಇನ್ನೊಮ್ಮೆ ಕಾಯಿರಿ ಎನ್ನುವುದು ಸುಲಭವಲ್ಲ. ಆದ್ದರಿಂದ ಜಾತಿಯ ಮಾತನ್ನು ಅಲ್ಲಗಳೆಯದೆ ಅದನ್ನು ಕೆಲಸದ ಹಂಚಿಕೆಗೆ ತಂದೆವು. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಪರಿಶಿಷ್ಟರಿಗೆ ಮೀಸಲಾದ ಹಣದ ಮೊದಲ ಕಾಮಗಾರಿ ಚರಂಡಿಯೇ ಇಲ್ಲದ ಮಾದಿಗರ ಕೇರಿಯಲ್ಲಿ, ಎರಡನೆಯದು ಭೋವಿ ಕಾಲೊನಿಯಲ್ಲಿ, ತಾಂಡಾಕ್ಕೆ ಕೊನೆಗೆ ಎಂದು ಬರೆದು ನಾಲ್ವರೂ ಸಹಿ ಹಾಕಿದೆವು. ಅಧ್ಯಕ್ಷರ ಊರಿಗೆ ಕೊನೆಯ ಸರದಿ ಎಂಬ ಷರತ್ತನ್ನು ಸೂಚಿಸಿದವರು ಸ್ವತಃ ತಾಂಡಾದವರೇ. ಅದನ್ನು ಕೇಳಿದ ಮೇಲೆ ನಮ್ಮ ಹಿರಿಯರು ಒಪ್ಪಿದರು.

ಅಧ್ಯಕ್ಷರ ಚುನಾವಣೆಯ ದಿನ ನಾಲ್ವರೂ ಜೊತೆಯಾಗಿ ಕಚೇರಿಗೆ ಹೋದೆವು. ತಾಂಡಾದ ಸದಸ್ಯೆಯ ಹೆಸರನ್ನು ನಾನು ಸೂಚಿಸಿದೆ, ಬೇರೆ ನಾಮಪತ್ರ ಬರಲಿಲ್ಲ.

ಅಧಿಕಾರ ಕೈಗೆ ಬಂದ ಮೇಲೆ ಮಾಡಬೇಕಾದ ಮುಖ್ಯ ಕೆಲಸ ಬಿಲ್ಲು ಪಾವತಿಗೆ ಬೇಕಾದ ಡಿಜಿಟಲ್ ಸಹಿಯ ಕೀಯನ್ನು ಅಧ್ಯಕ್ಷರೇ ಇಟ್ಟುಕೊಳ್ಳುವುದು. ಅದು ಗಂಡನ ಅಥವಾ ಗುತ್ತಿಗೆದಾರನ ಜೇಬಿಗೆ ಹೋದರೆ ಮೀಸಲಾತಿ ಕಾಗದದ ಮೇಲಷ್ಟೇ ಉಳಿಯುತ್ತದೆ. ನಮ್ಮ ಅಧ್ಯಕ್ಷರು ಅದನ್ನು ಯಾರಿಗೂ ಕೊಡಲಿಲ್ಲ. ಬಿಲ್ಲಿಗೆ ಸಹಿ ಹಾಕುವ ಮೊದಲು ನಮ್ಮಲ್ಲೊಬ್ಬರನ್ನು ಕರೆದುಕೊಂಡು ಕಾಮಗಾರಿಯ ಸ್ಥಳಕ್ಕೆ ಹೋಗಿ ನೋಡುತ್ತಿದ್ದರು. ಇದರಿಂದ ಕೆಲವು ಪಾವತಿಗಳು ತಡವಾದವು, ಕೆಲವರ ಮುನಿಸೂ ಬೆಳೆಯಿತು. ಕೇರಿಯ ಚರಂಡಿ ಮಾತ್ರ ಒಪ್ಪಂದದಂತೆ ಮೊದಲು ಆಯಿತು.

2023ರಲ್ಲಿ ಎರಡನೆಯ ಅವಧಿಗೆ ಅಧ್ಯಕ್ಷ ಸ್ಥಾನ ಸಾಮಾನ್ಯ ವರ್ಗಕ್ಕೆ ಬಂತು. ಸಾಮಾನ್ಯ ಎಂದರೆ ಮೇಲ್ಜಾತಿಯವರಿಗೆ ಎಂದೇ ಊರಿನಲ್ಲಿ ತಿಳಿದಿದ್ದಾರೆ, ಕಾನೂನಿನಲ್ಲಿ ಹಾಗಿಲ್ಲ. ನಾನು ನಾಮಪತ್ರ ಸಲ್ಲಿಸಿದೆ. ನಮ್ಮ ನಾಲ್ಕು ಮತಗಳ ಜೊತೆಗೆ ನಾಯಕ ಸಮುದಾಯದ ಸದಸ್ಯರ ಮತಗಳೂ ಬಂದವು, ಗೆಲ್ಲಲು ಸಾಕಾಗಲಿಲ್ಲ. ಮುಂದಿನ ಚುನಾವಣೆಯಲ್ಲಿ ಸಾಮಾನ್ಯ ವಾರ್ಡಿನಿಂದಲೇ ನಿಲ್ಲುವುದಾಗಿ ಭೋವಿ ಕಾಲೊನಿಯ ಸದಸ್ಯೆ ಹೇಳಿದ್ದಾರೆ, ಅವರಿಗಾಗಿ ಈಗಿನಿಂದಲೇ ಮನೆಮನೆಗೆ ಹೋಗುತ್ತಿದ್ದೇವೆ.